ಕಣಿವೆಗೆ ಬಂದ ದನಿ

ಚಿತ್ರಗಳ ನಡುವೆಯೇ ದಿನ ಕಳೆಯುವ ದೂರದರ್ಶನದ ನಿರ್ಮಾಪಕನೊಬ್ಬ ಬಾನುಲಿಯ ಬಗ್ಗೆ ಬರೆಯಹೊರಟರೆ ವಿದ್ಯಾರ್ಥಿ ಮಿತ್ರರಿಗೆ ವಿಚಿತ್ರವೆನಿಸಬಹುದು. ಆದರೆ ನನ್ನ ಪೀಳಿಗೆಯ ಮಲೆನಾಡಿಗರು ಮೊದಲು ಕಲಿತದ್ದು ಕೇಳುವುದನ್ನು, ನೋಡುವುದನ್ನು ಆಮೇಲೆ. 2024ನೆಯ ಇಸವಿಯಲ್ಲಿ ನಾವು ಅಂಥ ಎರಡು ದನಿಗಳಿಗೆ ವಿದಾಯ ಹೇಳಬೇಕಾಯಿತು. ಫೆಬ್ರವರಿ 20ರಂದು ಮುಂಬಯಿಯಲ್ಲಿ ಅಮೀನ್ ಸಯಾನಿ ತೀರಿಕೊಂಡರು. ಜುಲೈ 11ರಂದು ಬೆಂಗಳೂರಿನಲ್ಲಿ, ನಮ್ಮದೇ ಚಿಕ್ಕಮಗಳೂರು ಜಿಲ್ಲೆಯವರಾದ ಅಪರ್ಣಾ ತೀರಿಕೊಂಡರು. ಒಬ್ಬರದು ಹಿಂದಿ, ಇನ್ನೊಬ್ಬರದು ಕನ್ನಡ. ಇಬ್ಬರನ್ನೂ ಎದುರಿನಲ್ಲಿ ಕಂಡವರಿಗಿಂತ ಕಿವಿಯಿಂದ ಬಲ್ಲವರೇ ಹೆಚ್ಚು. ಹೀಗೆ ಕಿವಿಗೆ ಮಾತ್ರ ಪರಿಚಿತನಾದ ಒಬ್ಬ ವ್ಯಕ್ತಿ ಪ್ರಸಾರ ಬಿಟ್ಟು ಹೋದಾಗ ಕೇಳುಗ ಕಳೆದುಕೊಳ್ಳುವುದೇನು? ಇತಿಹಾಸದಲ್ಲಿ ಆ ನಷ್ಟಕ್ಕೆ ಜಾಗವಿದೆಯೇ? ಈ ಲೇಖನದಲ್ಲಿ ಅದನ್ನು ನೋಡೋಣ.

ಮೊದಲು ಕನ್ನಡ ನಾಡಿನ ಹಿನ್ನೆಲೆ ತಿಳಿದಿರಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದರ ಪ್ರೇಷಕದ ಸಾಮರ್ಥ್ಯ 30 ವಾಟ್, ಅಂದರೆ ಹಳೆಯ ಕಾಲದ ಒಂದು ಮಂದ ಬಲ್ಬಿನಷ್ಟು. ಆ ಕೇಂದ್ರಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ಭಾರತದ ಬಾನುಲಿಯ ಹೆಸರಾಯಿತು. 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ, 1976ರಲ್ಲಿ ಮಂಗಳೂರು ಕೇಂದ್ರಗಳು ಬಂದವು. ಚಿಕ್ಕಮಗಳೂರು ಜಿಲ್ಲೆಯ ಕಾಫಿ ಗುಡ್ಡಗಳಿಗೆ ಭದ್ರಾವತಿಯೇ ಮನೆಮಗಳು. ಬೆಳಗಿನ ಚಿಂತನ, ಕೃಷಿಕರ ಕಾರ್ಯಕ್ರಮ, ಪ್ರದೇಶ ಸಮಾಚಾರ ಎಲ್ಲವೂ ಅಲ್ಲಿಂದಲೇ ಬರಬೇಕು.

ಆದರೆ ಬರುವುದು ಸುಲಭವಾಗಿರಲಿಲ್ಲ. ನನ್ನ ಬಾಲ್ಯ ಕಳೆದದ್ದು ಕಳಸದ ಸಮೀಪದ ಒಂದು ತೋಟದಲ್ಲಿ. ಅಜ್ಜ ಅಲ್ಲಿ ರೈಟರಾಗಿದ್ದರು. ಹಲಸಿನ ಮರದಿಂದ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ತಾಮ್ರದ ತಂತಿಯೇ ನಮ್ಮ ಏರಿಯಲ್. ನೇರ ಅಳೆದರೆ ಭದ್ರಾವತಿ ನಮಗೆ ನೂರು ಕಿಲೋಮೀಟರಿಗಿಂತ ಹತ್ತಿರ. ಕೊಲಂಬೊ ಸುಮಾರು 850 ಕಿಲೋಮೀಟರ್. ಆದರೂ ಸಂಜೆ ಕಳೆದ ಮೇಲೆ ಕೊಲಂಬೊ ಪಕ್ಕದ ಮನೆಯಷ್ಟು ಸ್ಪಷ್ಟ, ಭದ್ರಾವತಿ ಗುಡ್ಡದಾಚೆಯ ಗುಸುಗುಸು. “ದೂರದ ನೆಂಟ ಜೋರಾಗಿ ಮಾತಾಡ್ತಾನೆ ಮಾರಾಯ” ಎಂದು ಅಜ್ಜ ನಗುತ್ತಿದ್ದರು. ಕಾರಣ ತಿಳಿದದ್ದು ನಾನು ಬಿ.ಎಸ್ಸಿ. ಓದುವಾಗ.

ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಿ. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುತ್ತವೆ. ಕಲ್ಲುಗುಡ್ಡಗಳ ನೆಲ ಅವುಗಳ ಶಕ್ತಿಯನ್ನು ಹೀರುತ್ತದೆ. ಹ್ರಸ್ವ ತರಂಗಗಳು ಹಾಗಲ್ಲ. ಅವು ಮೇಲಕ್ಕೆ ಹೋಗಿ, ವಾತಾವರಣದ ಮೇಲಿನ ಅಯಾನುಗೋಲದಲ್ಲಿ ಬಾಗಿ, ನೂರಾರು ಕಿಲೋಮೀಟರ್ ದೂರದಲ್ಲಿ ಮತ್ತೆ ನೆಲಕ್ಕಿಳಿಯುತ್ತವೆ. ಹಗಲಿನಲ್ಲಿ ಅಯಾನುಗೋಲದ ಕೆಳಪದರ ಅವನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ, ಮೇಲಿನ ಪದರ ಮಾತ್ರ ಕನ್ನಡಿಯಂತೆ ಉಳಿಯುತ್ತದೆ. ಹಾಗಾಗಿ ಕೊಲಂಬೊದಿಂದ 41 ಮೀಟರಿನ ಬ್ಯಾಂಡಿನಲ್ಲಿ ಹೊರಟ ದನಿಗೆ ಕುದುರೆಮುಖದ 1,894 ಮೀಟರ್ ಎತ್ತರದ ಶಿಖರ ಅಡ್ಡಿಯೇ ಆಗುತ್ತಿರಲಿಲ್ಲ. ಅದು ಆಕಾಶದಿಂದ ಓರೆಯಾಗಿ ಕಣಿವೆಗೆ ಇಳಿಯುತ್ತಿತ್ತು. ಆ ಪದರ ಸದಾ ಅಲುಗಾಡುವುದರಿಂದ ದನಿ ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಹಳೆಯ ಕೇಳುಗರು ‘ಅಲೆಯ ಮೇಲೆ ಬಂದಂತೆ’ ಎನ್ನುವುದು ಇದನ್ನೇ.

ಇನ್ನು ಆ ದನಿ ಕೊಲಂಬೊದಿಂದ ಏಕೆ ಬಂತು? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಎರಡನೆಯ ಮಹಾಯುದ್ಧದ ಹಿನ್ನೆಲೆಯಲ್ಲಿ ಮಿತ್ರರಾಷ್ಟ್ರಗಳ ಆಗ್ನೇಯ ಏಷ್ಯಾ ಸೇನಾ ಕಮಾಂಡು ತನ್ನ ಸೈನಿಕರಿಗಾಗಿ ಸಿಲೋನಿನಲ್ಲಿ 100 ಕಿಲೋವಾಟಿನ ಹ್ರಸ್ವ ತರಂಗ ಪ್ರೇಷಕವನ್ನು ಸ್ಥಾಪಿಸಿತ್ತು. ಯುದ್ಧ ಮುಗಿದ ಮೇಲೆ, 1949ರಲ್ಲಿ, ಅದು ಸಿಲೋನ್ ಸರ್ಕಾರದ ಕೈಸೇರಿತು. ಸೈನಿಕರಿಗಾಗಿ ಮಾಡಿದ ಯಂತ್ರ ಹೀಗೆ ಹಾಡಿಗೆ ಒದಗಿತು. ಇತ್ತ ಭಾರತದಲ್ಲಿ 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಒಲವು, ಚಿತ್ರಗೀತೆಗಳ ಮೇಲೆ ಅಸಮಾಧಾನ. ಆಕಾಶವಾಣಿಯಲ್ಲಿ ಚಿತ್ರಗೀತೆ ಬಹುಮಟ್ಟಿಗೆ ಮರೆಯಾಯಿತು. ಕೇಳುಗರು ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ತಪ್ಪು ತಿದ್ದಿಕೊಳ್ಳಲೆಂಬಂತೆ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಆರಂಭವಾಯಿತು. ಅಷ್ಟರಲ್ಲಿ ಬುಧವಾರದ ರಾತ್ರಿ 8 ಗಂಟೆ ದೇಶದ ತುಂಬ ಇನ್ನೊಬ್ಬರದಾಗಿಬಿಟ್ಟಿತ್ತು.

ಆ ಇನ್ನೊಬ್ಬರೇ ಅಮೀನ್ ಸಯಾನಿ. ಹುಟ್ಟಿದ್ದು 1932ರ ಡಿಸೆಂಬರ್ 21ರಂದು, ಮುಂಬಯಿಯಲ್ಲಿ. ಬಾನುಲಿಗೆ ಕರೆತಂದವರು ಅಣ್ಣ ಹಮೀದ್ ಸಯಾನಿ. 1952ರ ಡಿಸೆಂಬರ್ 3ರಂದು, ಇನ್ನೂ 20 ತುಂಬದ ಈ ಹುಡುಗ ‘ಬಿನಾಕಾ ಗೀತಮಾಲಾ’ ಆರಂಭಿಸಿದರು. ಮುಂಬಯಿಯಲ್ಲಿ ಧ್ವನಿಮುದ್ರಣ, ಟೇಪು ವಿಮಾನದಲ್ಲಿ ಕೊಲಂಬೊಗೆ, ಅಲ್ಲಿಂದ ಆಕಾಶದ ಮೂಲಕ ಮರಳಿ ಭಾರತಕ್ಕೆ. ಹಾಡುಗಳನ್ನು ಜನಪ್ರಿಯತೆಯ ಮೆಟ್ಟಿಲುಗಳಲ್ಲಿ ಜೋಡಿಸಿ, ಆ ಮೆಟ್ಟಿಲಿಗೆ ‘ಪಾಯ್‌ದಾನ್’ ಎಂದು ಹೆಸರಿಟ್ಟರು. ಶ್ರೇಣಿ ನಿರ್ಧರಿಸಲು ಅಂಗಡಿಗಳಿಂದ ರೆಕಾರ್ಡುಗಳ ಮಾರಾಟದ ಲೆಕ್ಕ, ಊರೂರಿನ ಶ್ರೋತೃ ಸಂಘಗಳ ಮತಗಳು ಬರುತ್ತಿದ್ದವು. ಮೊದಲ ಕಂತಿಗೇ 9,000 ಪತ್ರಗಳು ಬಂದುದನ್ನು ಸಯಾನಿಯವರೇ ಮುಂದೆ ನೆನೆಯುತ್ತಿದ್ದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಿಂದಿ ಬಾರದ ಕಳಸದ ಹುಡುಗನಿಗೂ ಅವರ ಮಾತು ಹೇಗೆ ಅರ್ಥವಾಯಿತು? ಸಯಾನಿಯವರ ತಾಯಿ ಕುಲ್ಸುಮ್ ಸಯಾನಿ ವಯಸ್ಕರ ಶಿಕ್ಷಣಕ್ಕಾಗಿ ದುಡಿದವರು. ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ರಹಬರ್’ ಎಂಬ ಪಾಕ್ಷಿಕವನ್ನು ದೇವನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ ತರುತ್ತಿದ್ದರು. ಅದರ ಭಾಷೆ ಸರಳ ಹಿಂದೂಸ್ತಾನಿ. ಹುಡುಗ ಅಮೀನ್ ಆ ಪತ್ರಿಕೆಯ ಕೆಲಸದಲ್ಲಿ ಕೈಜೋಡಿಸಿದ್ದ. ಕಷ್ಟದ ಪದ ಬಿಟ್ಟು ಸುಲಭದ ಪದ ಹುಡುಕುವ ಅಭ್ಯಾಸ ಅಲ್ಲಿ ಬೆಳೆಯಿತು. ಹ್ರಸ್ವ ತರಂಗದ ಕರಕರ ಸದ್ದಿನಲ್ಲಿ ಅರ್ಧ ಮಾತು ಮುಳುಗಿದರೂ ಉಳಿದರ್ಧ ಅರ್ಥವಾಗಬೇಕಾದರೆ ಅಂಥ ಭಾಷೆಯೇ ಬೇಕು. ಅವರು “ಸಹೋದರ ಸಹೋದರಿಯರೇ” ಎನ್ನುವಾಗಲೂ ಅಕ್ಕತಂಗಿಯರನ್ನು ಮೊದಲು ಕರೆದು, ಅಣ್ಣತಮ್ಮಂದಿರನ್ನು ಆಮೇಲೆ ಕರೆಯುತ್ತಿದ್ದರು. ಸಣ್ಣ ಸಂಗತಿಯೆಂದು ತೋರಬಹುದು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಅಜ್ಜಿಗೆ ಅದು ಸಣ್ಣದಾಗಿರಲಿಲ್ಲ.

ಈಗ ಕುದುರೆಮುಖದ ಕಥೆಗೆ ಬರೋಣ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಸ್ಥಾಪನೆಯಾಯಿತು. ಇರಾನಿಗೆ ಅದಿರು ಕಳಿಸುವ ಒಪ್ಪಂದವೇ ಅದರ ಮೂಲ. 1979ರ ಕ್ರಾಂತಿಯ ನಂತರ ಆ ಲೆಕ್ಕಾಚಾರ ಕೆಟ್ಟು ಬೇರೆ ಮಾರುಕಟ್ಟೆ ಹುಡುಕಬೇಕಾಯಿತು. ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಪಣಂಬೂರಿಗೆ ಹರಿಸುತ್ತಿದ್ದರು. ಭದ್ರಾ ನದಿಯ ದಂಡೆಯಲ್ಲಿ ಹೊಸ ಊರೇ ಎದ್ದಿತು. ಆಂಧ್ರ, ಬಿಹಾರ, ಬಂಗಾಳ, ಕೇರಳ ಎಲ್ಲ ಕಡೆಯ ಜನ ಬಂದರು. ನನ್ನ ಸೋದರಮಾವ ಅಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಬರುತ್ತಿದ್ದುದು ಕನ್ನಡ, ತುಳು. ಆದರೆ ಮೊದಲ ದಿನವೇ ಉತ್ತರದ ಫಿಟ್ಟರೊಬ್ಬರೊಡನೆ ತಕ್ಕಮಟ್ಟಿಗೆ ಹಿಂದಿಯಲ್ಲಿ ಮಾತಾಡಿದರಂತೆ. “ಎಲ್ಲಿ ಕಲಿತೆ?” ಎಂದು ಕೇಳಿದರೆ, “ಬುಧವಾರ ಕಲಿತೆ” ಎಂದರಂತೆ. ಆತ ತಕ್ಷಣ ನಕ್ಕ. ಅವನೂ ಬುಧವಾರದ ವಿದ್ಯಾರ್ಥಿಯೇ! ಮುಂದೆ ಇಪ್ಪತ್ತು ವರ್ಷ ಅವರಿಬ್ಬರೂ ಸ್ನೇಹಿತರು.

1989ರಲ್ಲಿ ಗೀತಮಾಲಾ ವಿವಿಧ ಭಾರತಿಗೆ ಬಂತು. ಸ್ವದೇಶಕ್ಕೆ ಮರಳಿದ ಸಂಭ್ರಮ ಎಲ್ಲೆಡೆ ಇದ್ದಿರಬೇಕು. ಆದರೆ ನಮ್ಮ ತೋಟದ ಮನೆಗೆ ಅದು ಕೊಲಂಬೊದಿಂದ ಬಂದಷ್ಟು ಸ್ಪಷ್ಟವಾಗಿ ಬರಲಿಲ್ಲ. ದನಿ ಹತ್ತಿರ ಬಂದು ನಮ್ಮಿಂದ ದೂರವಾಯಿತು! 1994ರಲ್ಲಿ ಆ ದೀರ್ಘ ಸರಣಿ ಮುಗಿಯಿತು. ನಾನಾಗ ಪ್ರೌಢಶಾಲೆಯ ಹುಡುಗ. ಮಾವ ಒಂದು ಅಂಚೆ ಕಾರ್ಡು ಬರೆದರು. ತಾವೇ ಕಲಿತ ಹಿಂದಿಯಲ್ಲಿ, ತಪ್ಪುಗಳಿದ್ದರೂ ತಿದ್ದಿಸದೆ ಬರೆದರು. ಹಾಡುಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ನಮ್ಮಲ್ಲಿ ಮಳೆ ಹೆಚ್ಚು, ಮಳೆಗಾಲದಲ್ಲಿ ನಾಲ್ಕು ತಿಂಗಳು ಹೊರಗೆ ಹೋಗಲಾಗದು, ಆ ದಿನಗಳಲ್ಲಿ ನೀವು ನಮ್ಮ ಮನೆಯಲ್ಲಿದ್ದಿರಿ, ಅದಕ್ಕೆ ನಮಸ್ಕಾರ ಎಂದಷ್ಟೇ ಇತ್ತು. ಪೆಟ್ಟಿಗೆಗೆ ಹಾಕಲು ನನ್ನ ಕೈಗೆ ಕೊಟ್ಟಾಗ ಓದಿದೆ. ಇಷ್ಟಕ್ಕೆ ಒಂದು ಕಾರ್ಡು ಏಕೆ ಎಂದು ಆಗ ಅನಿಸಿತ್ತು. ಇಂದು, ಕಾರ್ಯಕ್ರಮ ಮಾಡುವವನಾಗಿ, ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲವೆಂದು ಬಲ್ಲೆ. ಸಯಾನಿಯವರಿಗೆ 2009ರಲ್ಲಿ ಪದ್ಮಶ್ರೀ ಬಂತು. ಈ ಕಾರ್ಡಿನ ತೂಕ ಬೇರೆ.

ಕನ್ನಡದ ಮಾತಿಗೆ ಬಂದರೆ, ಆಕಾಶವಾಣಿಯ ಉದ್ಘೋಷಕರು ಬಹುಪಾಲು ತಮ್ಮ ಹೆಸರನ್ನೇ ಹೇಳಿಕೊಳ್ಳುತ್ತಿರಲಿಲ್ಲ. ಕೇಂದ್ರದ ಹೆಸರೇ ಅವರ ಹೆಸರು. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಮಾತಾಡಿ ‘ಆಕಾಶವಾಣಿ ಈರಣ್ಣ’ ಎಂದೇ ಪ್ರಸಿದ್ಧರಾದದ್ದು ಅಪರೂಪದ ಸಂಗತಿ. ಅವರು 2012ರಲ್ಲಿ ನಿಧನರಾದರು. ಆಮೇಲಿನ ಪೀಳಿಗೆಗೆ ಸೇರಿದವರು ಅಪರ್ಣಾ. ಹುಟ್ಟೂರು ಕಡೂರು ತಾಲ್ಲೂಕಿನ ಪಂಚನಹಳ್ಳಿ. ನಮ್ಮ ಜಿಲ್ಲೆಯದೇ ಬಯಲುಸೀಮೆ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ವಿನಲ್ಲಿ ನಟಿಸಿ, ಬಳಿಕ ಆಕಾಶವಾಣಿಯ ಎಫ್.ಎಂ. ವಾಹಿನಿಯಲ್ಲೂ ದೂರದರ್ಶನದಲ್ಲೂ ನಿರೂಪಕಿಯಾದರು. ಅಲ್ಪಪ್ರಾಣ ಮಹಾಪ್ರಾಣಗಳೆರಡೂ ಅವರ ಬಾಯಲ್ಲಿ ನಿರಾಯಾಸವಾಗಿ ಬರುತ್ತಿದ್ದವು. ಶುದ್ಧವಾಗಿ ಮಾತಾಡಿದರೂ ದೂರ ನಿಂತು ಮಾತಾಡಿದಂತೆ ಅನಿಸುತ್ತಿರಲಿಲ್ಲ. 2011ರಲ್ಲಿ ಬೆಂಗಳೂರಿನ ‘ನಮ್ಮ ಮೆಟ್ರೊ’ ಓಡತೊಡಗಿದಾಗ ನಿಲ್ದಾಣಗಳ ಹೆಸರು ಹೇಳಿದ ಕನ್ನಡದ ದನಿ ಅವರದೇ. ಅವರು ತೀರಿಕೊಂಡ ಮರುದಿನವೂ ರೈಲಿನಲ್ಲಿ ಅದೇ ದನಿ ಮುಂದಿನ ನಿಲ್ದಾಣವನ್ನು ತಿಳಿಸಿತು. ಆ ಹೊತ್ತಿನಲ್ಲಿ ಅನೇಕ ಪ್ರಯಾಣಿಕರು ಮೊಬೈಲಿನಿಂದ ತಲೆಯೆತ್ತಿ ಕೇಳಿದರೆಂದು ಗೆಳೆಯರು ಹೇಳಿದರು.

ಇದರಿಂದ ಇತಿಹಾಸದ ವಿದ್ಯಾರ್ಥಿ ತಿಳಿಯಬೇಕಾದದ್ದು ಒಂದಿದೆ. ಪುಸ್ತಕಕ್ಕೆ ಪ್ರತಿಗಳಿರುತ್ತವೆ, ಸಿನಿಮಾಕ್ಕೆ ಸುರುಳಿಗಳಿರುತ್ತವೆ. ಬಾನುಲಿಯ ಮಾತಿಗೆ ಬಹುಪಾಲು ಏನೂ ಉಳಿಯುವುದಿಲ್ಲ. ನೇರ ಪ್ರಸಾರವಾದದ್ದು ಗಾಳಿಗೆ ಹೋಯಿತು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದು ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸುವುದು ಪ್ರಸಾರ ಕೇಂದ್ರಗಳಲ್ಲಿ ಎಲ್ಲೆಡೆ ಇದ್ದ ರೂಢಿ. ಹಾಗಾದರೆ ಒಂದು ದನಿ ಏನು ಮಾಡಿತೆಂಬುದರ ದಾಖಲೆ ಎಲ್ಲಿದೆ? ಕೇಳಿದವರ ನೆನಪಿನಲ್ಲಿದೆ. ಕೇಳುಗನ ವಿದಾಯದ ಪತ್ರವೇ ಬಾನುಲಿಯ ಶಾಸನ.

ಆ ಕೇಳುಗರೂ ಒಂದೆಡೆ ಉಳಿಯುವುದಿಲ್ಲ. ಕುದುರೆಮುಖದ ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗಣಿಯ ಕೆಸರಿನಿಂದ ಭದ್ರೆಗೆ ಹಾನಿಯೆಂದು ಪರಿಸರಾಸಕ್ತರು ಹೋರಾಡಿದರು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೂ ನದಿಗೂ ಅದು ಒಳ್ಳೆಯದೇ ಆಯಿತು. ಆದರೆ ದೇಶದ ನಾನಾ ಮೂಲೆಗಳಿಂದ ಬಂದು ಒಂದೇ ಊರಿನವರಾಗಿದ್ದ ಜನ ಮತ್ತೆ ಚೆದುರಿದರು. ಮನೆಗಳಿಗೆ ಬೀಗ ಬಿದ್ದಿತು. ಮಾವನ ಗೆಳೆಯ ತನ್ನೂರಿಗೆ ಮರಳಿದ. ಯಾವ ಬ್ಲಾಕಿನಲ್ಲಿ ಯಾರ ಮನೆಯಲ್ಲಿ ಯಾವ ಕೇಂದ್ರ ಕೇಳುತ್ತಿದ್ದರೆಂದು ಹೇಳಬಲ್ಲವರು ಈಗ ಬೇರೆ ಬೇರೆ ರಾಜ್ಯಗಳಲ್ಲಿ ಮುಪ್ಪಾಗುತ್ತಿದ್ದಾರೆ. ಒಂದು ಊರು ಹೇಗೆ ಕೂಡಿ ಬಾಳಿತೆಂಬ ಇತಿಹಾಸದ ಒಂದು ಪುಟ ಅವರೊಡನೆ ಮುಗಿಯುತ್ತದೆ.

ಸಯಾನಿಯವರ ನಿಧನದ ಸುದ್ದಿ ಬಂದ ಸಂಜೆ ನಾನು ಮಾವನಿಗೆ ಫೋನು ಮಾಡಿದೆ. ಅವರು ಹೆಚ್ಚು ಮಾತಾಡಲಿಲ್ಲ. ಹಳೆಯ ಗೆಳೆಯನ ನಂಬರು ಇದೆಯೇ ಎಂದು ಕೇಳಿದರು. ಹುಡುಕಿ ಕೊಟ್ಟೆ. ಹತ್ತೊಂಬತ್ತು ವರ್ಷಗಳ ಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿದರಂತೆ, ಬುಧವಾರ ಕಲಿತ ಹಿಂದಿಯಲ್ಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲೂ ಅಂಥ ಕೇಳುಗರಿದ್ದಾರೆ. ಈ ರಜೆಯಲ್ಲಿ ಒಂದು ಸಂಜೆ ಅವರ ಬಳಿ ಕುಳಿತುಕೊಳ್ಳಿ. ಯಾವ ಕೇಂದ್ರ, ಯಾವ ಹೊತ್ತು, ಯಾರ ದನಿ, ಆ ದನಿಯಿಂದ ತಾವು ಕಲಿತದ್ದೇನು ಎಂದು ಕೇಳಿ, ಊರು ಮತ್ತು ಇಸವಿಯೊಡನೆ ಬರೆದಿಡಿ. ಅವರು ಹೇಳುವಾಗ ನಿಮ್ಮ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಅವರ ದನಿಯೂ ಒಂದು ದಿನ ಬೇಕಾಗುತ್ತದೆ.