ಛಾವಣಿ ಮೊದಲು, ಪಾಯ ಕೊನೆಗೆ

ಸರಕಾರಿ ಶಾಲೆ ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಆ ಒಂದು ಮಾತಿನೊಳಗೆ ಎಷ್ಟು ಸರಕಾರಗಳಿವೆ ನೋಡಿ. ಶಿಕ್ಷಕಿಯ ಸಂಬಳ ಬೆಂಗಳೂರಿನದು. ಬಿಸಿಯೂಟದ ಅಕ್ಕಿ ದಿಲ್ಲಿಯ ಲೆಕ್ಕದ್ದು. ತಪಾಸಣೆಗೆ ಬರುವವರು ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು. ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಎಲ್ಲಕ್ಕಿಂತ ಕೆಳಗೆ, ಊರಿನಲ್ಲಿಯೇ, ತಂದೆತಾಯಂದಿರ ಶಾಲಾಭಿವೃದ್ಧಿ ಸಮಿತಿ. ಈ ಮೆಟ್ಟಿಲುಗಳನ್ನು ಯಾರೂ ಒಂದೇ ಸಲ ಕಟ್ಟಲಿಲ್ಲ. ಮನೆ ಕಟ್ಟುವವರು ಪಾಯ ತೋಡಿ ಆಮೇಲೆ ಛಾವಣಿ ಹಾಕುತ್ತಾರೆ. ನಮ್ಮ ದೇಶದ ಶಿಕ್ಷಣದ ಮನೆಗೆ ಮಾತ್ರ ಛಾವಣಿಯೇ ಮೊದಲು ಬಂತು.

1835ರಲ್ಲಿ ಮೆಕಾಲೆಯ ಕಾಲಕ್ಕೆ ಕಂಪನಿ ಸರಕಾರದ ನಂಬಿಕೆ ಇಷ್ಟೇ: ಮೇಲಿನ ನಾಲ್ಕು ಜನರಿಗೆ ವಿದ್ಯೆ ಕೊಟ್ಟರೆ ಅದು ತಾನಾಗಿಯೇ ಕೆಳಗೆ ಜಿನುಗುತ್ತದೆ. 1854ರಲ್ಲಿ ಚಾರ್ಲ್ಸ್ ವುಡ್ ಕಳಿಸಿದ ಆಜ್ಞಾಪತ್ರವು ಈ ನಂಬಿಕೆಯನ್ನು ಸ್ವಲ್ಪ ತಿದ್ದಿತು. ಪ್ರತಿ ಪ್ರಾಂತಕ್ಕೂ ಒಂದು ಶಿಕ್ಷಣ ಇಲಾಖೆ, ಶಾಲೆ ನೋಡಲು ಇನ್‌ಸ್ಪೆಕ್ಟರುಗಳು, ಖಾಸಗಿಯವರ ಶಾಲೆಗಳಿಗೆ ಸಹಾಯಧನ, ಹೆಣ್ಣುಮಕ್ಕಳ ಓದಿಗೂ ಪ್ರೋತ್ಸಾಹ ಎಂದು ಅದರಲ್ಲಿ ಬರೆದಿತ್ತು. ಇಂದಿನ ನಮ್ಮ ಇಲಾಖೆ, ಅನುದಾನಿತ ಶಾಲೆ ಎಂಬ ಮಾತು, ತಪಾಸಣೆಯ ದಿನ ನಮಗೆ ಹುಟ್ಟುವ ನಡುಕ, ಎಲ್ಲದರ ಮೂಲ ಅದೇ. 1857ರಲ್ಲಿ ಕಲಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ತೆರೆದವು. ಹಳ್ಳಿಯ ಮಗುವಿಗೆ ಆಗಿನ್ನೂ ಸ್ಲೇಟು ಸಿಕ್ಕಿರಲಿಲ್ಲ.

ಮೇಲಿನಿಂದ ಬಂದ ವ್ಯವಸ್ಥೆಯಾದರೂ ಅದರೊಳಗೆ ಕುಳಿತ ಒಳ್ಳೆಯ ಮನುಷ್ಯರು ಅದನ್ನು ಜನರ ಕಡೆಗೆ ತಿರುಗಿಸಿದ್ದುಂಟು. ಮರಾಠಿಯೇ ಮೆರೆಯುತ್ತಿದ್ದ ಧಾರವಾಡದ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರು ಇದೇ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರು. ಹುದ್ದೆಯೇ ಹೆಸರಾಗಿ ಅವರು ಡೆಪ್ಯುಟಿ ಚನ್ನಬಸಪ್ಪನವರೆಂದೇ ಉಳಿದರು. ಇತ್ತ ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. 1881ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ತೆರೆಯಿತು.

ಆದರೆ ದುಡ್ಡು ಯಾರು ಕೊಡಬೇಕು? 1882ರ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳನ್ನು ಲೋಕಲ್ ಬೋರ್ಡು, ಮುನಿಸಿಪಾಲಿಟಿಗಳ ತಲೆಗೆ ಕಟ್ಟಬೇಕೆಂದಿತು. ಅತಿ ದೊಡ್ಡ ಕೆಲಸವನ್ನು ಅತಿ ಸಣ್ಣ ಚೀಲದವರಿಗೆ ಒಪ್ಪಿಸಿದಂತಾಯಿತು. ಅದೇ ಆಯೋಗದ ಮುಂದೆ ಪುಣೆಯ ಜೋತಿಬಾ ಫುಲೆಯವರು ನಿಂತು, ತೆರಿಗೆ ಕಟ್ಟುವವರು ರೈತರು, ವಿದ್ಯೆ ಸಿಗುವುದು ಮೇಲಿನವರಿಗೆ ಎಂದು ವಾದಿಸಿದರು. 1848ರಲ್ಲಿಯೇ ಹೆಂಡತಿ ಸಾವಿತ್ರಿಬಾಯಿಯವರ ಜೊತೆ ಹೆಣ್ಣುಮಕ್ಕಳ ಶಾಲೆ ತೆರೆದಿದ್ದವರ ಮಾತು ಅದು.

ಬರೋಡೆಯ ಸಯಾಜಿರಾವ್ ಮಹಾರಾಜರು 1906ರಲ್ಲಿ ತಮ್ಮ ಇಡೀ ಸಂಸ್ಥಾನದಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಅದನ್ನು ಕಂಡ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಬ್ರಿಟಿಷ್ ಭಾರತಕ್ಕೂ ಅಂಥ ಮಸೂದೆ ತಂದರು. ಅದರಲ್ಲೂ ಮೊದಲು ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಮುಂದೆ ನೋಡೋಣ ಎಂಬ ಏರ್ಪಾಡು. ಅದೂ ಉಳಿಯಲಿಲ್ಲ. 1912ರಲ್ಲಿ 38 ಮತಗಳು ವಿರುದ್ಧ, 13 ಮತಗಳು ಪರವಾಗಿ ಬಿದ್ದು ಮಸೂದೆ ಸೋತಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರಿನಲ್ಲಿ 1913ರಲ್ಲಿ ಕಡ್ಡಾಯ ಶಿಕ್ಷಣದ ಕಾಯಿದೆಯಾಯಿತು. ನನ್ನ ಅಜ್ಜಿಗೆ ಓದುವ ವಯಸ್ಸಾದದ್ದು ಇದೆಲ್ಲ ಆದಮೇಲೆಯೇ. ಆದರೂ ಅವಳು ಕೊನೆಯವರೆಗೂ ಹೆಬ್ಬೆಟ್ಟೇ ಒತ್ತಿದಳು. ಅವಳ ಮಟ್ಟಿಗೆ ‘ಮುಂದೆ ನೋಡೋಣ’ ಎಂಬುದು ಮುಂದೆ ಬರಲೇ ಇಲ್ಲ.

ಸ್ವತಂತ್ರ ಭಾರತದ ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ, 14 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳಲ್ಲಿ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು 45ನೆಯ ವಿಧಿ ಹೇಳಿತು. ಆದರೆ ಅದು ನಿರ್ದೇಶನವೇ ಹೊರತು ಹಕ್ಕಲ್ಲ; ಸಿಗದಿದ್ದರೆ ಕೋರ್ಟಿಗೆ ಹೋಗುವಂತಿರಲಿಲ್ಲ. 1960 ಬಂದು ಹೋಯಿತು. ಶಿಕ್ಷಣ ಆಗ ರಾಜ್ಯಗಳ ವಿಷಯ. 1976ರ 42ನೆಯ ತಿದ್ದುಪಡಿ ಅದನ್ನು ಕೇಂದ್ರ, ರಾಜ್ಯ ಎರಡರ ಪಟ್ಟಿಗೂ ಸೇರಿಸಿತು. 1986ರ ರಾಷ್ಟ್ರೀಯ ನೀತಿಯ ಬೆನ್ನಿಗೆ ಕಪ್ಪುಹಲಗೆ ಕಾರ್ಯಾಚರಣೆ ಬಂತು: ಪ್ರತಿ ಶಾಲೆಗೆ ಎರಡಾದರೂ ಕೋಣೆ, ಇಬ್ಬರಾದರೂ ಶಿಕ್ಷಕರು, ಸಾಧ್ಯವಾದರೆ ಅವರಲ್ಲೊಬ್ಬರು ಹೆಂಗಸು. 2002ರಲ್ಲಿ 86ನೆಯ ತಿದ್ದುಪಡಿಯಿಂದ ಶಿಕ್ಷಣ ಮೂಲಭೂತ ಹಕ್ಕಾಯಿತು. 2009ರಲ್ಲಿ ಕಾಯಿದೆಯಾಯಿತು. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಗೋಖಲೆಯವರ ಮಸೂದೆಗೆ ಆಗ 99 ವರ್ಷ.

ಕೊನೆಗೂ ಪಾಯ ಬಿದ್ದಿತು. ಆದರೆ ಅದು ಮನೆಯ ಉದ್ದಗಲಕ್ಕೂ ಬಿದ್ದಿಲ್ಲ. ಹಕ್ಕು ಇರುವುದು 6ರಿಂದ 14ರವರೆಗೆ, ಎಂಟನೆಯ ತರಗತಿಯ ತನಕ. ನಮ್ಮ ಹೈಸ್ಕೂಲಿನಲ್ಲಿ ಎಂಟನೆಯ ತರಗತಿ ಚೆನ್ನಾಗಿ ಮುಗಿಸಿದ ಹುಡುಗಿಯೊಬ್ಬಳು ಮುಂದಿನ ಜೂನಿನಲ್ಲಿ ಬರಲಿಲ್ಲ. ಮನೆಗೆ ಹೋದೆ. “ಕಾನೂನಿನ ಪ್ರಕಾರ ಕಲಿಸಿದ್ದೇವಲ್ಲ ಟೀಚರ್, ಹದಿನಾಲ್ಕು ತುಂಬಿತು” ಎಂದರು ಅವಳ ಅಪ್ಪ. ಅವಳು ಒಳಗಿನಿಂದ ನನಗೆ ಚಹಾ ತಂದುಕೊಟ್ಟಳು. ಕಾನೂನಿನ ಪುಸ್ತಕ ಹಿಡಿದು ವಾದಿಸಲು ನನ್ನಲ್ಲಿ ಏನೂ ಇರಲಿಲ್ಲ. ಬರಿಯ ಮಾತು ಇತ್ತು. ಮೂರು ಸಲ ಹೋಗಿ ಆಡಿದೆ. ಆಗಸ್ಟಿನಲ್ಲಿ ಅವಳು ಬಂದು ಒಂಬತ್ತಕ್ಕೆ ಕುಳಿತಳು.

ಅದೇ ಕಾಯಿದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಅನೇಕ ಕಡೆ ಆ ಕುರ್ಚಿಗಳ ಹೆಸರು ಹೆಂಗಸರದು, ಕೂರುವವರು ಗಂಡಂದಿರು. 1854ರಿಂದ ಮೇಲಿನವರು ಕೆಳಗಿನವರಿಗಾಗಿ ನಿರ್ಧಾರ ಮಾಡುತ್ತ ಬಂದ ಈ ಮನೆಯಲ್ಲಿ, ತಾಯಂದಿರಿಗೆಂದೇ ಇಟ್ಟ ಜಾಗ ಅದು. ನಿಮ್ಮ ಹೆಸರು ಆ ಪಟ್ಟಿಯಲ್ಲಿದ್ದರೆ, ದಯಮಾಡಿ ಮುಂದಿನ ಸಭೆಗೆ ನೀವೇ ಹೋಗಿ. ಹೋಗಿ, ಒಂಬತ್ತನೆಯ ತರಗತಿಗೆ ಎಷ್ಟು ಹುಡುಗಿಯರು ಸೇರಿದರೆಂದು ಮೊದಲು ಕೇಳಿ.