ಮೊದಲು ಕಂಡ ಮೇಷ್ಟ್ರು

'ರೀಮೇಕ್' ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬೈಗುಳವಾಗಿಯೇ ಬಳಕೆಯಲ್ಲಿದೆ. ಸ್ವಂತ ಕಥೆ ಹೊಸೆಯಲಾರದವರು ನೆರೆಯವರಿಂದ ಕಡ ತಂದದ್ದು ಎಂಬ ಅರ್ಥ ಅದಕ್ಕೆ. ಪಕ್ಕದ ಮನೆಯಿಂದ ಹೆಪ್ಪು ತಂದರೂ ಮೊಸರಾಗುವುದು ನಮ್ಮ ಮನೆಯ ಹಾಲೇ ಎಂಬುದನ್ನು ಬೈಯುವ ಭರದಲ್ಲಿ ಮರೆತುಬಿಡುತ್ತೇವೆ. ದಬ್ಬೇಘಟ್ಟದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿಕೊಂಡು, ಟೆಂಟಿನ ನೆಲದಿಂದ ಮೊಬೈಲಿನವರೆಗೆ ಸಿನಿಮಾ ನೋಡುತ್ತ ಬಂದವಳು ನಾನು. ಒಂದೇ ರೀಮೇಕ್ ಒಬ್ಬರಿಗೆ ಹಬ್ಬದೂಟವಾಗಿ ಇನ್ನೊಬ್ಬರಿಗೆ ತಂಗಳಾಗುವುದೇಕೆ ಎಂಬ ಪ್ರಶ್ನೆ ನನ್ನನ್ನು ಆಗಾಗ ಕಾಡಿದೆ. ಉತ್ತರಕ್ಕೆ ನಾನು ಹಿಡಿದ ದಾರಿ ನನ್ನ ಕಸುಬಿನದೇ, ಪರದೆಯ ಮೇಲಿನ ಮೇಷ್ಟ್ರುಗಳದು.

ನಾವು ಬರೀ ಕಡ ತಂದವರಲ್ಲ, ಕೊಟ್ಟವರೂ ಹೌದು. ನಮ್ಮದೇ ಜಿಲ್ಲೆಯ ಗುಬ್ಬಿ ವೀರಣ್ಣನವರ ಸಂಸ್ಥೆ ಕೈಹಾಕಿ ತೆಗೆದ 'ಬೇಡರ ಕಣ್ಣಪ್ಪ' 1954ರಲ್ಲಿ ತೆರೆಕಂಡಿತು. ಅದೇ ಕಥೆ ತೆಲುಗಿನಲ್ಲಿ 'ಶ್ರೀ ಕಾಳಹಸ್ತೀಶ್ವರ ಮಹಾತ್ಮ್ಯಂ' ಆದಾಗ ಅಲ್ಲಿಯೂ ರಾಜಕುಮಾರರೇ ಕಣ್ಣಪ್ಪನಾದರು. ಅವರು ಅಭಿನಯಿಸಿದ ಏಕೈಕ ತೆಲುಗು ಚಿತ್ರ ಅದು. 1958ರಲ್ಲಿ ಬಿ. ಆರ್. ಪಂತುಲು ಕನ್ನಡದಲ್ಲಿ ನಿರ್ದೇಶಿಸಿ, ತಾವೇ ಮೇಷ್ಟ್ರಾಗಿ ನಟಿಸಿದ 'ಸ್ಕೂಲ್ ಮಾಸ್ಟರ್' 1959ರಲ್ಲಿ ಹಿಂದಿಗೆ, 1964ರಲ್ಲಿ ಮಲಯಾಳಕ್ಕೆ ಹೋಯಿತು. 1972ರಲ್ಲಿ ಎನ್. ಟಿ. ರಾಮರಾಯರು ತೆಲುಗಿನ 'ಬಡಿ ಪಂತುಲು' ಆದರು. ನಿವೃತ್ತ ಮೇಷ್ಟ್ರು, ಅವರ ಹೆಂಡತಿ. ಮುಪ್ಪಿನಲ್ಲಿ ಅಪ್ಪನನ್ನೊಬ್ಬ, ಅಮ್ಮನನ್ನೊಬ್ಬ ಎಂದು ಹಂಚಿಕೊಳ್ಳುವ ಮಕ್ಕಳು. ಈ ಸಂಕಟಕ್ಕೆ ಭಾಷೆಯ ಗಡಿ ಅಡ್ಡ ಬರಲಿಲ್ಲ. ಯಾವ ಊರಿನ ಮೇಷ್ಟ್ರ ಸಂಬಳವೂ ಅಷ್ಟಕ್ಕಷ್ಟೇ ಆಗಿದ್ದ ಕಾಲ ಅದು.

ಹಾಗೆಂದು ಒಳ್ಳೆಯ ಕಥೆ ಎಲ್ಲಿ ನೆಟ್ಟರೂ ಚಿಗುರುತ್ತದೆ ಎನ್ನುವಂತಿಲ್ಲ. ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ತೆಗೆದರು. ಅದರ ಚಾಮಯ್ಯ ಮೇಷ್ಟ್ರನ್ನು ಕಂಡ ಮೇಲೆ ನಮ್ಮ ಕಡೆಯ ಮೇಷ್ಟ್ರುಗಳು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡಿರಬೇಕು. ಎರಡೇ ವರ್ಷದಲ್ಲಿ, 1974ರಲ್ಲಿ, ಪುಟ್ಟಣ್ಣನವರೇ ಅದನ್ನು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಮಾಡಿದರು. 'ಬಾಬಿ'ಯಿಂದ ಹೆಸರಾಗಿದ್ದ ರಿಷಿ ಕಪೂರ್ ನಾಯಕ, ಪ್ರಾಣ್ ಮೇಷ್ಟ್ರು. ಕಥೆ ಅದೇ, ನಿರ್ದೇಶಕರೂ ಅವರೇ. ಚಿತ್ರ ಸೋತಿತು. ಒಂದೇ ಮರದ ಕಾಯಿಗಳನ್ನು ಒಂದೇ ಅಟ್ಟಕ್ಕೆ ಹಾಕಿದರೂ ಎಲ್ಲವೂ ಕೊಬ್ಬರಿಯಾಗುವುದಿಲ್ಲ ಎಂದು ತಿಪಟೂರು ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ನನಗೆ ತೋಚುವ ಕಾರಣವಿಷ್ಟು. ಕನ್ನಡದ ರಾಮಾಚಾರಿಯ ಹಠದ ಹಿಂದೆ ದುರ್ಗದ ಬಂಡೆಗಳಿದ್ದವು, ಓಬವ್ವನ ಕಥೆಯಿತ್ತು, ಅಶ್ವಥ್ ಅವರ ಮೇಷ್ಟ್ರ ಮಾತಿಗೆ ತಲೆಬಾಗುವ ಊರಿನ ರೂಢಿಯಿತ್ತು. ಅವುಗಳಿಂದ ಬಿಡಿಸಿದರೆ ಉಳಿಯುವುದು ಬರೀ ಹಠ.

ಇನ್ನು ನಾವು ತಂದುಕೊಂಡ ಮೇಷ್ಟ್ರ ವಿಷಯ. ಭಾಗ್ಯರಾಜ್ ಅವರ 1983ರ ತಮಿಳು 'ಮುಂದಾನೈ ಮುಡಿಚ್ಚು' 1992ರಲ್ಲಿ ರವಿಚಂದ್ರನ್ ಅವರ 'ಹಳ್ಳಿ ಮೇಷ್ಟ್ರು' ಆಯಿತು. ನಾನು ಆಗಷ್ಟೇ ಬಿ.ಎಡ್. ಮುಗಿಸಿ ಪಾಠಕ್ಕೆ ನಿಂತಿದ್ದೆ. ನಮ್ಮೂರಿನಿಂದ ತಿಪಟೂರಿಗೆ ಹೋಗಿ ಅದನ್ನು ಎರಡು ಸಲ, ಮೂರು ಸಲ ನೋಡಿ ಬಂದ ಹೆಂಗಸರಿದ್ದರು. ಹಂಸಲೇಖರ ಹಾಡುಗಳು ತೋಟಗಳಲ್ಲಿ ಕೇಳುತ್ತಿದ್ದವು; ನುಗ್ಗೇಕಾಯಿ ಹುಳಿ ಎಂದರೆ ಸಾಕು, ಸ್ಟಾಫ್ ರೂಮಿನಲ್ಲಿ ಹಿರಿಯ ಮೇಷ್ಟ್ರುಗಳೂ ಮುಸಿ ಮುಸಿ ನಗುತ್ತಿದ್ದರು. ಬೆಂಗಳೂರಿನ ಶ್ರೀರಾಮಪುರದಲ್ಲಿದ್ದ ನನ್ನ ದೊಡ್ಡಮ್ಮನ ಮಗಳು ಮಾತ್ರ ಮೂಗು ಮುರಿದಳು. "ಏನಾದ್ರೂ ಅನ್ನು ಕಣೇ, ಭಾಗ್ಯರಾಜ್ ಮುಂದೆ ಇದೆಲ್ಲ ಸಪ್ಪೆ." ಅವಳು ತಮಿಳಿನದನ್ನು ಒಂಬತ್ತು ವರ್ಷ ಮೊದಲೇ ನೋಡಿದ್ದಳು. ನಾನು ನೋಡಿರಲಿಲ್ಲ.

ವ್ಯತ್ಯಾಸ ಅಷ್ಟೇ, ಆದರೆ ಅದರ ಹಿಂದೆ ಒಂದು ಚರಿತ್ರೆ ಇದೆ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಮುಂದೆ ನಿಂತು ನಡೆಸಿದ ಹೋರಾಟದ ಫಲವಾಗಿ ಕನ್ನಡಕ್ಕೆ ಡಬ್ಬಿಂಗ್ ನಿಂತುಹೋಯಿತು. ಕಾನೂನಲ್ಲ ಅದು, ಚಿತ್ರರಂಗ ತಾನೇ ಹಾಕಿಕೊಂಡ ಕಟ್ಟುಪಾಡು. ಆಗ ಕನ್ನಡದ ಕಲಾವಿದರಿಗೆ, ತಂತ್ರಜ್ಞರಿಗೆ ಅನ್ನ ಸಿಗಬೇಕಿತ್ತು. ಕನ್ನಡ ಚಿತ್ರಕ್ಕೆ ಚಿತ್ರಮಂದಿರ ಸಿಗಬೇಕಿತ್ತು. ಅಲ್ಲಿಂದ ಸುಮಾರು ಐವತ್ತು ವರ್ಷ, ಬೇರೆ ಭಾಷೆ ಬಾರದ ನಮ್ಮಂಥ ಊರಿನವರಿಗೆ ನೆರೆನಾಡಿನ ಕಥೆ ಕನ್ನಡದಲ್ಲಿ ತಲುಪಲು ರೀಮೇಕೇ ಬಾಗಿಲಾಯಿತು. ಬೆಂಗಳೂರಿನ, ಗಡಿಯ ಕಡೆಯ ಜನಕ್ಕೆ ಮೂಲವೇ ಕಾಣುತ್ತಿತ್ತು. ಹಾಗಾಗಿ ಅವರಿಗೆ ರೀಮೇಕ್ ನಕಲು. ನಮಗೆ ಅದೇ ಮೂಲ. ಮೊದಲು ಕಂಡ ಮುಖವೇ ಪಾತ್ರದ ಮುಖವಾಗಿ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಬಂದವರು ಎಷ್ಟೇ ಚೆನ್ನಾಗಿ ನಟಿಸಲಿ, ಬೇರೆಯವರ ಮನೆಯ ಕುರ್ಚಿಯಲ್ಲಿ ಕೂತ ಹಾಗೆ ಕಾಣುತ್ತಾರೆ.

ಆದರೂ ಮೂಲ ಬಲ್ಲವರನ್ನೂ ಒಪ್ಪಿಸಿದ ರೀಮೇಕುಗಳಿವೆ. 1993ರ ಮಲಯಾಳಂ 'ಮಣಿಚಿತ್ರತಾಳ್' ಚಿತ್ರದ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ. ಮಲಯಾಳಿಗಳ ಮನೆಯಲ್ಲಿ ತಮಿಳು ಕೇಳಿದಾಗ ಮೈ ಜುಂ ಎನ್ನಬೇಕು. ಪಿ. ವಾಸು 2004ರಲ್ಲಿ 'ಆಪ್ತಮಿತ್ರ' ಮಾಡಿದಾಗ ನಾಗವಲ್ಲಿಯನ್ನು ತೆಲುಗಿನವಳಾಗಿಸಿದರು. ಕೋಲಾರ ಸೀಮೆಯಲ್ಲಿ ಹುಟ್ಟಿ ತೆಲುಗಿನಲ್ಲಿ ಮೆರೆದ ಸೌಂದರ್ಯ ಆ ಪಾತ್ರವಾದರು. ಆ ವರ್ಷ ಏಪ್ರಿಲ್ 17ರಂದು ವಿಮಾನ ದುರಂತದಲ್ಲಿ ಅವರು ತೀರಿಕೊಂಡರು, ಚಿತ್ರ ಬಿಡುಗಡೆಯಾದದ್ದು ಆಗಸ್ಟಿನಲ್ಲಿ. ಇಲ್ಲದವಳನ್ನು ಕಣ್ಣೆದುರು ಕಂಡು ಜನ ಅತ್ತರು. ಮರುವರ್ಷ ಅದೇ ವಾಸು ತಮಿಳಿನಲ್ಲಿ 'ಚಂದ್ರಮುಖಿ' ತೆಗೆದಾಗಲೂ ನರ್ತಕಿಯ ಬಾಯಲ್ಲಿ ತೆಲುಗೇ ಉಳಿಯಿತು. ನಮ್ಮ ಮಣ್ಣಿಗೆಂದು ಮಾಡಿದ ಬದಲಾವಣೆ ಮುಂದಿನ ಊರಿಗೂ ಹೋಯಿತು. 'ನಮ್ಮ ಮನೆಯಲ್ಲಿ ಯಾರ ಮಾತು ಕೇಳಿದರೆ ಬೆಚ್ಚುತ್ತೇವೆ?' ಎಂದು ಯಾರೋ ಒಬ್ಬರು ಕೂತು ಯೋಚಿಸಿದ್ದರ ಫಲ ಇದು. ಹಳೆಯ ಅಭಿಮಾನಿಗೆ ನಿರಾಸೆಯಾಗುವುದು ಆ ಯೋಚನೆಯೇ ಇಲ್ಲದೆ ಉಡುಪು, ಹಾವಭಾವ, ಕ್ಯಾಮೆರಾ ಇಟ್ಟ ಜಾಗವನ್ನೂ ಎರವಲು ತಂದಾಗ.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದು ಡಬ್ಬಿಂಗಿನ ತಡೆ ಸಡಿಲವಾಯಿತು. ನಮ್ಮ 'ಕೆಜಿಎಫ್' 2018ರಲ್ಲಿ, 'ಕಾಂತಾರ' 2022ರಲ್ಲಿ ಡಬ್ ಆಗಿಯೇ ದೇಶ ಸುತ್ತಿದವು. ಪರಭಾಷೆಯ ಚಿತ್ರಗಳೂ ಕನ್ನಡದಲ್ಲಿ ಮಾತಾಡುತ್ತ ಬರುತ್ತಿವೆ. ನೋಡುವವರ ದೃಷ್ಟಿಯಿಂದ ಇದು ನ್ಯಾಯವೇ. ಮೂಲವನ್ನು ಕಾಣುವ ಹಕ್ಕು ಶ್ರೀರಾಮಪುರಕ್ಕೆ ಇದ್ದಂತೆ ದಬ್ಬೇಘಟ್ಟಕ್ಕೂ ಇರಬೇಕು. ಆದರೆ 'ಇದೇ ಕಥೆ ನಮ್ಮೂರಿನಲ್ಲಿ ನಡೆದರೆ ಹೇಗೆ?' ಎಂದು ಕೇಳಿಕೊಳ್ಳುವ ಅಗತ್ಯ ಡಬ್ಬಿಂಗಿಗಿಲ್ಲ. ಆ ಪ್ರಶ್ನೆ ಕಳೆದುಹೋಗಬಾರದೆಂಬುದೇ ನನ್ನ ಕಾಳಜಿ.

ಕಳೆದ ವರ್ಷ ಎಂಟನೇ ತರಗತಿಯ ಮಕ್ಕಳಿಗೆ 'ಸ್ಕೂಲ್ ಮಾಸ್ಟರ್' ಕಥೆ ಹೇಳಿ, ನಮ್ಮ ಊರಿನ ಕಥೆಯಾಗಿ ಬರೆದು ತನ್ನಿ ಎಂದಿದ್ದೆ. ಒಬ್ಬ ಹುಡುಗಿ ಮೇಷ್ಟ್ರನ್ನು ಬೆಂಗಳೂರಿನ ಮಗನ ಮನೆಗೆ ಕಳಿಸಿದ್ದಳು. ಅಮ್ಮನನ್ನು ಇನ್ನೊಬ್ಬ ಮಗ ಕರೆದೊಯ್ದಿರಲಿಲ್ಲ. ಅಟ್ಟದ ಕೊಬ್ಬರಿ ಕಾಯಲು, ತೋಟಕ್ಕೆ ನೀರು ಬಿಡಲು ಯಾರಾದರೂ ಬೇಕಲ್ಲ ಎಂದು ಮಕ್ಕಳಿಬ್ಬರೂ ಅವಳನ್ನು ಊರಿನಲ್ಲೇ ಬಿಟ್ಟಿದ್ದರು. "ಇದು ಸಿನಿಮಾದಲ್ಲಿಲ್ಲವಲ್ಲೇ?" ಎಂದೆ. "ನಮ್ಮಜ್ಜಿ ಹಂಗೇ ಅವ್ರೆ ಮಿಸ್" ಎಂದಳು.