ಕಪಾಟಿನ ಬಾಗಿಲಿನ ಅಲಂಕಾರ

ಕಪಾಟು, ಬೀರು, ಅಲಮಾರಿ, ಅಡುಗೆಮನೆಯ ಶಟರು ಇವುಗಳ ಬಾಗಿಲಿನ ಮೇಲಿನ ಕೆತ್ತನೆ, ಬೀಡಿಂಗ್ ಪಟ್ಟಿ, ಅಂಟಿಸಿದ ಹೂಬಳ್ಳಿ, ಕುಸುರಿ, ಬಣ್ಣ, ಮೆರುಗು, ಹಿಡಿಕೆ ಎಲ್ಲವನ್ನೂ ಒಟ್ಟಾಗಿ ಬಾಗಿಲಿನ ಅಲಂಕಾರ ಎನ್ನುತ್ತಾರೆ. ಇದರ ಚರಿತ್ರೆಯನ್ನು ಶೈಲಿಗಳ ಪಟ್ಟಿಯಾಗಿ ಬರೆಯುವುದು ವಾಡಿಕೆ. ಆದರೆ ಬಾಗಿಲಿನ ಮೇಲೆ ಇಂದು ನಾವು ಅಂದಕ್ಕೆಂದು ಹಚ್ಚುವ ಎಷ್ಟೋ ಗೆರೆಗಳು ಒಂದು ಕಾಲದಲ್ಲಿ ಮರವನ್ನು ಹದ್ದುಬಸ್ತಿನಲ್ಲಿಡಲು ಬಡಗಿ ಕಂಡುಕೊಂಡ ಉಪಾಯಗಳು. ಉಪಾಯದ ಅಗತ್ಯ ತೀರಿದ ಮೇಲೂ ಗೆರೆ ಉಳಿದುಕೊಂಡಿದೆ.

ಚೌಕಟ್ಟು ಮತ್ತು ಹಲಗೆ

ಮರ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಎಳೆಗೆ ಅಡ್ಡವಾಗಿ ಮಾತ್ರ ಅಗಲದ ಹಲಗೆಯೊಂದು ಒಂದೇ ವರ್ಷದಲ್ಲಿ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗಬಲ್ಲದು. ಹಲಗೆಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ಹಿಂದೆ ಅಡ್ಡಪಟ್ಟಿ ಬಿಗಿಯಾಗಿ ಹೊಡೆದರೆ, ಸರಿಯಲು ಜಾಗ ಸಿಗದ ಹಲಗೆ ಸೀಳುತ್ತದೆ ಇಲ್ಲವೇ ಡೊಂಕಾಗುತ್ತದೆ. ಯುರೋಪಿನ ಮಧ್ಯಯುಗದ ಕಪಾಟುಗಳು ಹೀಗೆಯೇ ದಪ್ಪ ಹಲಗೆಗಳಿಂದ ಆದವು. ಫ್ರಾನ್ಸಿನ ಒಬಾಜಿನ್ ಮಠದಲ್ಲಿರುವ 12ನೇ ಶತಮಾನದ ಓಕ್ ಕಪಾಟು ಅಂಥದ್ದು. ಆ ಕಾಲದ ಬಾಗಿಲುಗಳನ್ನು ಬಿಚ್ಚಿಕೊಳ್ಳದಂತೆ ಹಿಡಿದಿಟ್ಟದ್ದು ಕಬ್ಬಿಣದ ಉದ್ದ ಪಟ್ಟಿಗಳು. ಕಮ್ಮಾರ ಆ ಪಟ್ಟಿಗಳ ತುದಿಯನ್ನು ಕವಲೊಡೆಸಿ ಬಳ್ಳಿಯಾಗಿ ಸುರುಳಿಸಿದ. ಅಂಥ ಬಾಗಿಲುಗಳ ಅಲಂಕಾರದಲ್ಲಿ ಬಡಗಿಯ ಕೈಯಷ್ಟೇ ಕುಲುಮೆಯ ಪಾಲೂ ಇತ್ತು.

15ನೇ ಶತಮಾನದ ಹೊತ್ತಿಗೆ ಉತ್ತರ ಯುರೋಪಿನಲ್ಲಿ ಚೌಕಟ್ಟು-ಹಲಗೆಯ ಬಾಗಿಲು ಬಳಕೆಗೆ ಬಂತು. ನಾಲ್ಕು ಪಟ್ಟಿಗಳನ್ನು ನಾಲಿಗೆ-ತೂತಿನ ಜೋಡಣೆಯಲ್ಲಿ ಬಿಗಿದು, ಒಳಅಂಚಿನಲ್ಲಿ ಕೊರೆದ ತೋಡಿನೊಳಗೆ ತೆಳು ಹಲಗೆಯನ್ನು ಅಂಟಿಲ್ಲದೆ ಕೂರಿಸುವುದು ಇದರ ಕ್ರಮ. ಹಲಗೆ ತೋಡಿನೊಳಗೇ ಹಿಗ್ಗಿ ಕುಗ್ಗುವುದರಿಂದ ಬಾಗಿಲಿನ ಅಳತೆ ಬದಲಾಗದು. ತೋಡಿಗೆ ಹೊಂದಲೆಂದು ಹಲಗೆಯ ಅಂಚನ್ನು ಇಳಿಜಾರಾಗಿ ಉಜ್ಜಿದಾಗ ನಡುಭಾಗ ಉಬ್ಬಿ ನಿಂತಿತು, ಸುತ್ತ ನೆರಳಿನ ಗೆರೆ ಮೂಡಿತು. ಉಬ್ಬು ಹಲಗೆಯ ಬಾಗಿಲು ಎಂದು ಇಂದು ಅಂಗಡಿಗಳಲ್ಲಿ ಮಾರುವ ಮಾದರಿಯ ಹುಟ್ಟು ಇಲ್ಲಿದೆ. ಫ್ಲ್ಯಾಂಡರ್ಸ್‌ನ ಕೆತ್ತನೆಗಾರರು ಆ ಹಲಗೆಯ ಮೇಲೆ ಮಡಿಸಿದ ಬಟ್ಟೆಯ ನೆರಿಗೆಗಳನ್ನು ಕೆತ್ತಿದರು. ನೆರಿಗೆಯ ಸಾಲುಗಳೆಲ್ಲ ಎಳೆಯ ದಿಕ್ಕಿನಲ್ಲೇ ಸಾಗುವುದರಿಂದ ಬಹುಪಾಲು ಕೆಲಸ ಉಜ್ಜುಗೊರಡಿನಲ್ಲೇ ಮುಗಿಯುತ್ತಿತ್ತು, ತುದಿಯ ಮಡಿಕೆಗಷ್ಟೇ ಉಳಿ ಬೇಕಿತ್ತು. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಗೋಡೆಹಲಗೆಗಳಲ್ಲಿ ಈ ನೆರಿಗೆಗಳನ್ನು ಇಂದಿಗೂ ನೋಡಬಹುದು.

ಮರ ಹಿಗ್ಗಿ ಕುಗ್ಗುವ ಇದೇ ಸಮಸ್ಯೆಗೆ ಮಮ್ಲೂಕ್ ಸುಲ್ತಾನರ ಕಾಲದ ಕೈರೋ ಕೊಟ್ಟ ಉತ್ತರ ಇನ್ನೂ ಚೆಲುವಾದದ್ದು. ಒಣಹವೆಯ ಊರಿನಲ್ಲಿ ಅಗಲದ ಹಲಗೆ ಸಿಗುವುದೂ ಕಷ್ಟ, ಸಿಕ್ಕರೆ ಬಾಳುವುದೂ ಕಷ್ಟ. ಅಲ್ಲಿನ ಬಡಗಿಗಳು ಅಂಗೈಯಗಲದ ಬಹುಭುಜ ತುಣುಕುಗಳನ್ನು ಸಣ್ಣ ಪಟ್ಟಿಗಳ ನಡುವೆ ಸಿಕ್ಕಿಸಿ ನಕ್ಷತ್ರಗಳ ಜಾಲ ಕಟ್ಟಿದರು. ತುಣುಕು ಚಿಕ್ಕದಾದಷ್ಟೂ ಅದರ ಅಲುಗಾಟ ಕಡಿಮೆ. ಆ ಬಾಗಿಲುಗಳಲ್ಲಿ ಜ್ಯಾಮಿತಿಯ ಸೊಬಗನ್ನೂ ಮರದ ಗುಣವನ್ನೂ ಬೇರೆ ಮಾಡಲಾಗದು. ಅಲಂಕಾರ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಮೊದಲು ತೋರಿಸಬೇಕಾದ ಮಾದರಿ ಇದು.

ಕುಸುರಿ ಮತ್ತು ಭ್ರಮೆ

ಇಟಲಿಯಲ್ಲಿ ಬಾಗಿಲು ಚಿತ್ರವೇ ಆಯಿತು. ಉರ್ಬಿನೊದ ಡ್ಯೂಕ್ ಫೆಡೆರಿಗೊ ದ ಮಾಂಟೆಫೆಲ್ಟ್ರೊಗಾಗಿ ಗುಬ್ಬಿಯೊ ಅರಮನೆಯಲ್ಲಿ ಸುಮಾರು 1478ರಿಂದ 1482ರ ನಡುವೆ ಒಂದು ಪುಟ್ಟ ಓದಿನ ಕೋಣೆ ಸಿದ್ಧವಾಯಿತು. ಬಣ್ಣಬಣ್ಣದ ಮರದ ಚೂರುಗಳನ್ನು ಜೋಡಿಸಿದ ಅದರ ಗೋಡೆಯಲ್ಲಿ ಅರ್ಧ ತೆರೆದ ಜಾಲಂಧ್ರದ ಕಪಾಟುಬಾಗಿಲುಗಳು ಕಾಣುತ್ತವೆ, ಒಳಗೆ ಪುಸ್ತಕಗಳು, ವಾದ್ಯಗಳು, ಖಗೋಳ ಉಪಕರಣಗಳು. ಎಲ್ಲವೂ ಚಪ್ಪಟೆ. ಕೈಯಿಟ್ಟರೆ ತಗಲುವುದು ನಯವಾದ ಗೋಡೆ ಮಾತ್ರ. ಈ ಕೋಣೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

ಫ್ರಾನ್ಸಿನ ಬಡಗಿ ಆಂದ್ರೆ-ಶಾರ್ಲ್ ಬೂಲ್ (1642–1732) ಮರದ ಬದಲು ಆಮೆಚಿಪ್ಪು ಮತ್ತು ಹಿತ್ತಾಳೆಯನ್ನು ಹಿಡಿದ. ಎರಡರ ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ಗರಗಸದಲ್ಲಿ ಕೊರೆದರೆ ಎರಡು ಚಿತ್ರ ಸಿಗುತ್ತವೆ: ಚಿಪ್ಪಿನ ನೆಲದಲ್ಲಿ ಹಿತ್ತಾಳೆಯ ಬಳ್ಳಿ, ಹಿತ್ತಾಳೆಯ ನೆಲದಲ್ಲಿ ಚಿಪ್ಪಿನ ಬಳ್ಳಿ. ಹದಿನಾಲ್ಕನೆಯ ಲೂಯಿಯ ಆಸ್ಥಾನಕ್ಕೆ ಇದು ಒಪ್ಪಿತು, ಮರಕ್ಕೆ ಒಪ್ಪಲಿಲ್ಲ. ಲೋಹ ಮತ್ತು ಮರ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಬೂಲ್ ಕೆಲಸದ ಹಿತ್ತಾಳೆ ಕಾಲಕ್ರಮದಲ್ಲಿ ಮೇಲೆದ್ದು ಬರುತ್ತದೆ. ಅದನ್ನು ಮತ್ತೆ ಕೂರಿಸುವುದು ಸಂಗ್ರಹಾಲಯಗಳ ದುರಸ್ತಿಗಾರರಿಗೆ ಮುಗಿಯದ ಕೆಲಸ.

ಮನೆಮಂದಿಯ ಕೈಗೆ

ಅಲ್ಲಿಯವರೆಗೆ ಅಲಂಕಾರ ವೃತ್ತಿಯವರದ್ದು. ಅದು ಮನೆಯವರ ಕೈಗೆ ಬಂದದ್ದು ಮೆರುಗಿನ ದಾರಿಯಿಂದ. ಚೀನಾದ ಮೆರುಗುಹಲಗೆಗಳು 17ನೇ ಶತಮಾನದಲ್ಲಿ ಕೋರಮಂಡಲ ಕರಾವಳಿಯ ಬಂದರುಗಳ ಮೂಲಕ ಯುರೋಪಿಗೆ ಸಾಗಿದವು. ಅಲ್ಲಿ ಅವುಗಳಿಗೆ ಕೋರಮಂಡಲದ ಹೆಸರೇ ಅಂಟಿತು. ಅಗಲದ ತೆರೆಗಳನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಜಡಿಯುತ್ತಿದ್ದರು. ಮೂಲ ಮೆರುಗು ಒಂದು ಮರದ ಹಾಲಿನಿಂದ ಬರುವಂಥದ್ದು, ಯುರೋಪಿನಲ್ಲಿ ದೊರೆಯದು. ಅದಕ್ಕೆ ಬದಲಿಯಾಗಿ ಭಾರತದಿಂದ ಹೋದ ಅರಗನ್ನು ಸಾರಾಯದಲ್ಲಿ ಕರಗಿಸಿ ಪದರ ಪದರವಾಗಿ ಹಚ್ಚುವ ವಿಧಾನ ಬೆಳೆಯಿತು. 1688ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಸ್ಟಾಕರ್ ಮತ್ತು ಜಾರ್ಜ್ ಪಾರ್ಕರ್ ಈ ವಿದ್ಯೆಯ ಕೈಪಿಡಿಯನ್ನೇ ಅಚ್ಚುಹಾಕಿಸಿದರು. ಪಾಕವಿಧಾನದ ಜೊತೆಗೆ ನಕಲಿಸಿಕೊಳ್ಳಲು ಹಕ್ಕಿ, ಹೂ, ಮಂಟಪಗಳ ಚಿತ್ರಗಳೂ ಅದರಲ್ಲಿದ್ದವು. ಮುಂದಿನ ಶತಮಾನದಲ್ಲಿ ವೆನಿಸ್ಸಿನವರು ಇನ್ನೂ ಅಗ್ಗದ ದಾರಿ ಹಿಡಿದರು. ಬಸ್ಸಾನೊ ಊರಿನ ರೆಮೊಂಡಿನಿ ಮುದ್ರಣಾಲಯದ ಚಿತ್ರಹಾಳೆಗಳನ್ನು ಕತ್ತರಿಸಿ, ಬಣ್ಣ ತುಂಬಿ, ಬಾಗಿಲಿಗಂಟಿಸಿ, ಅಂಚು ಕೈಗೆ ತಗಲದಷ್ಟು ಮೆರುಗೆಣ್ಣೆ ಹಚ್ಚುವ ಕಲೆ ಅದು. ಬಡವರ ಮೆರುಗು ಎಂದು ಅದನ್ನು ಹಗುರಾಗಿ ಕಂಡವರಿದ್ದರು. ಆದರೆ ಹೊಸ ಕಪಾಟು ಮಾಡಿಸದೆ ಇದ್ದ ಬಾಗಿಲನ್ನೇ ಹೊಸದಾಗಿಸುವ ಎಲ್ಲ ಮನೆಗೆಲಸಕ್ಕೂ ಅದೇ ಹಿರಿಯಕ್ಕ.

ಅಂಟಿಸುವ ಉಬ್ಬುಚಿತ್ರ 18ನೇ ಶತಮಾನದ ಲಂಡನ್ನಿನಲ್ಲಿ ಬಳಕೆಗೆ ಬಂತು. ಸುಣ್ಣದ ಕಲ್ಲಿನ ಪುಡಿ, ಪ್ರಾಣಿಜನ್ಯ ಅಂಟು, ರಾಳ, ಅಗಸೆ ಎಣ್ಣೆ ಇವನ್ನು ಕಲಸಿ ಬಿಸಿಯಿದ್ದಾಗಲೇ ಕೆತ್ತಿದ ಬಾಕ್ಸ್‌ವುಡ್ ಅಚ್ಚಿಗೆ ಒತ್ತಿದರೆ ಹೂಮಾಲೆ, ಕಲಶ, ಸಿಂಹಮುಖಗಳು ತಯಾರಾಗುತ್ತಿದ್ದವು. ಆವಿ ಹಿಡಿದರೆ ಮೆತ್ತಗಾಗಿ ಬಾಗಿಲಿಗೆ ಕೂರುತ್ತಿದ್ದವು. ವಾಸ್ತುಶಿಲ್ಪಿ ರಾಬರ್ಟ್ ಆಡಮ್‌ನ ಒಳಾಂಗಣಗಳು ಇದರಿಂದ ತುಂಬಿದವು. ಒಮ್ಮೆ ಕೆತ್ತಿದ ಅಚ್ಚಿನಿಂದ ನೂರಾರು ಪ್ರತಿ ಬರುವಾಗ ಕೆತ್ತನೆಗಾರನ ಕೂಲಿಯ ಲೆಕ್ಕವೇ ಬದಲಾಯಿತು. 19ನೇ ಶತಮಾನದ ಕೊನೆಯಲ್ಲಿ ಕಾಲಿನಿಂದ ತುಳಿಯುವ ಸಣ್ಣ ಎಳೆಗರಗಸ ಮನೆಗಳಿಗೆ ಬಂತು. ಇಂಗ್ಲೆಂಡಿನ ಡೆರೆಮ್ ಪಟ್ಟಣದ ಹಾಬೀಸ್ ಕಂಪನಿ 1895ರಿಂದ ಇದಕ್ಕೆಂದೇ ವಾರಪತ್ರಿಕೆ ನಡೆಸಿ ನಕ್ಷೆಗಳನ್ನು ಹಂಚಿತು. ಅದೇ ಶತಮಾನದ ಅಮೆರಿಕದಲ್ಲಿ ತಿಂಡಿ ಇಡುವ ಕಪಾಟಿನ ಬಾಗಿಲಿಗೆ ತಗಡು ಹಾಕಿ, ಮೊಳೆಯಿಂದ ನಕ್ಷತ್ರ, ಹೃದಯ, ಚಕ್ರಗಳ ಆಕಾರದಲ್ಲಿ ತೂತು ಹೊಡೆಯುತ್ತಿದ್ದರು. ಗಾಳಿ ಆಡಬೇಕು, ನೊಣ ಬರಬಾರದು. ಕನ್ನಡನಾಡಿನ ಮನೆಗಳ ಜಾಲರಿ ಕಪಾಟಿನ ಹಿಂದೆಯೂ ಇದೇ ಅಗತ್ಯ ಇತ್ತು.

ಬೋಳು ಬಾಗಿಲು

ಅಲಂಕಾರವನ್ನು ಧರ್ಮದ ಪ್ರಶ್ನೆಯಾಗಿ ನೋಡಿದವರು ಅಮೆರಿಕದ ಶೇಕರ್ ಪಂಥದವರು. ಆನ್ ಲೀ 1774ರಲ್ಲಿ ಇಂಗ್ಲೆಂಡಿನಿಂದ ಕರೆತಂದ ಈ ಸಣ್ಣ ಗುಂಪು ಸಾಮೂಹಿಕ ಬದುಕು, ಬ್ರಹ್ಮಚರ್ಯ, ಶ್ರಮ ಇವನ್ನು ನಂಬಿತ್ತು. 1845ರ ಅವರ ಕಟ್ಟಳೆಗಳು ಬರಿಯ ಚಂದಕ್ಕಾಗಿ ಬೀಡಿಂಗ್, ಮೋಲ್ಡಿಂಗ್, ಕಾರ್ನಿಸ್ ಮಾಡಬಾರದೆಂದವು. ಅವರ ಕಪಾಟಿನಲ್ಲಿ ಚೌಕಟ್ಟೂ ಚಪ್ಪಟೆ, ಹಲಗೆಯೂ ಚಪ್ಪಟೆ. ಕಣ್ಣಿಗೆ ಬೀಳುವುದು ಅಳತೆಯ ಹದ ಮತ್ತು ಜೋಡಣೆಯ ಪ್ರಾಮಾಣಿಕತೆ. 1926ರಲ್ಲಿ ಮಾರ್ಗರೆಟೆ ಷೂಟೆ-ಲಿಹೊಟ್ಸ್‌ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಬೇರೆ ಕಾರಣಕ್ಕೆ ಬೋಳು ಬಾಗಿಲನ್ನು ಆರಿಸಿತು. ಅಲ್ಲಿ ಮುಖ್ಯವಾದದ್ದು ಹೆಂಗಸರ ದುಡಿಮೆಯ ಸಮಯ ಮತ್ತು ಸ್ವಚ್ಛತೆ.

ಬೋಳು ಬಾಗಿಲನ್ನು ಎಲ್ಲರ ಮನೆಗೂ ತಲುಪಿಸಿದ್ದು ಸಿದ್ಧಾಂತಗಳಲ್ಲ, ಹೊಸ ಹಲಗೆಗಳು. ಪ್ಲೈವುಡ್‌ನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡ, ಹಾಗಾಗಿ ಅದು ಹಿಗ್ಗುವುದು ತೀರಾ ಕಡಿಮೆ. 1960ರ ದಶಕದಲ್ಲಿ ಅಮೆರಿಕದಲ್ಲಿ ತಯಾರಿಕೆಗೆ ಬಂದ, ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್ ಹಲಗೆಯಲ್ಲಿ ಎಳೆಯ ದಿಕ್ಕೇ ಇಲ್ಲ. ಲ್ಯಾಮಿನೇಟ್ ಹಾಳೆ ಮೊದಲು ವಿದ್ಯುತ್ ನಿರೋಧಕವಾಗಿ ಹುಟ್ಟಿ ಆಮೇಲೆ ಪೀಠೋಪಕರಣಕ್ಕೆ ಬಂತು. ನಮ್ಮಲ್ಲಿ ಯಾವ ಕಂಪನಿಯದಾದರೂ ಅದು ಸನ್‌ಮೈಕಾವೇ. ಭಾರತದಲ್ಲಿ 1959ರಲ್ಲಿ ಫೆವಿಕಾಲ್ ಬಂದ ಮೇಲೆ ಅಂಟು ಕಾಯಿಸುವ ಕೆಲಸವೂ ತಪ್ಪಿತು. ಬಾಗಿಲಿಗೆ ಈಗ ಚೌಕಟ್ಟು ಬೇಕಿಲ್ಲ. ಆದರೂ ಕಣ್ಣಿಗೆ ಬೇಕು. ಅದಕ್ಕೇ ಚಪ್ಪಟೆ ಶಟರಿನ ಮೇಲೆ ಆರು ಮಿಲಿಮೀಟರ್ ದಪ್ಪದ ಎಂಡಿಎಫ್ ಪಟ್ಟಿಗಳನ್ನು ಸುತ್ತ ಅಂಟಿಸಿ ಶೇಕರ್ ಬಾಗಿಲು ಎಂದು ಕರೆಯುವ ರೂಢಿ ಬೆಳೆದಿದೆ.

ಮನೆಯಲ್ಲಿ ಇಂದು ನಡೆಯುವ ಅಲಂಕಾರಗಳಲ್ಲಿ ಇದು ಸಾಮಾನ್ಯ. ಲಂಬ ಪಟ್ಟಿಗಳು ಮೇಲಿಂದ ಕೆಳಗಿನವರೆಗೆ, ಅಡ್ಡಪಟ್ಟಿಗಳು ಅವುಗಳ ನಡುವೆ. ನಿಜವಾದ ಚೌಕಟ್ಟಿನ ಜೋಡಣೆಯೂ ಹೀಗೆಯೇ ಇರುತ್ತಿತ್ತಾದ್ದರಿಂದ ಈ ಕ್ರಮ ತಪ್ಪಿದರೆ ಕಣ್ಣು ಗುರುತಿಸಿಬಿಡುತ್ತದೆ. ಲ್ಯಾಮಿನೇಟಿನ ಮೇಲೆ ಅಂಟು ಹಿಡಿಯಬೇಕಾದರೆ ಮರಳುಕಾಗದದಿಂದ ಅದರ ಹೊಳಪು ತೆಗೆಯಬೇಕು. ಸಂದಿಗೆ ಪುಟ್ಟಿ, ಎಂಡಿಎಫ್‌ನ ಕತ್ತರಿಸಿದ ಅಂಚಿಗೆ ಎರಡು ಸಲ ಪ್ರೈಮರ್ ಬೇಕು, ಏಕೆಂದರೆ ನೀರು ಕುಡಿಯುವುದು ಆ ಅಂಚೇ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಪಟ್ಟಿ ಉಬ್ಬಿ ಬಣ್ಣ ಸೀಳುತ್ತದೆ. ದಪ್ಪ ಹೆಚ್ಚಿದ ಬಾಗಿಲು ಪಕ್ಕದ ಬಾಗಿಲಿಗೆ ತಾಗುವುದೂ ಉಂಟು, ಆಗ ಹಿಂಜಿನ ಸ್ಕ್ರೂ ತಿರುಗಿಸಿ ಸರಿಪಡಿಸುತ್ತಾರೆ. ಹಲಗೆಯ ಜಾಗದಲ್ಲಿ ಬೆತ್ತದ ಹೆಣಿಗೆ ಕೂರಿಸುವವರು ಅದನ್ನು ಮೊದಲು ನೀರಿನಲ್ಲಿ ನೆನೆಸಿ, ತೋಡಿನೊಳಗೆ ಒತ್ತಿ, ಬೆತ್ತದ ಕಡ್ಡಿಯಿಂದ ಬಿಗಿಯುತ್ತಾರೆ. ಒಣಗಿದಾಗ ಅದು ತಾನೇ ಬಿಗಿಯಾಗುತ್ತದೆ.

ಕರ್ನಾಟಕದಲ್ಲಿ

ಮೈಸೂರಿನ ಬೀಟೆ ಮರದ ಕುಸುರಿ ಈ ಚರಿತ್ರೆಯಲ್ಲಿ ತನ್ನದೇ ಸ್ಥಾನ ಪಡೆದಿದೆ. ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ನಂತರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿದ ಅರಮನೆಯಲ್ಲಿ, ಅಂಬಾವಿಲಾಸ ಸಭಾಂಗಣದ ಬೀಟೆ ಬಾಗಿಲಿಗೆ ದಂತದ ಕುಸುರಿಯಿದೆ. ನಕ್ಷೆಯನ್ನು ಮರದ ಮೇಲೆ ಗುರುತಿಸಿ, ತೆಳುವಾಗಿ ಕೆತ್ತಿ, ಅದೇ ಆಕಾರದ ತುಣುಕು ಕೂರಿಸಿ, ಸಂದಿಯನ್ನು ಮರದ ಪುಡಿ ಮತ್ತು ಅಂಟಿನಿಂದ ತುಂಬಿ ಪಾಲಿಶ್ ಮಾಡುವುದು ಇದರ ಕ್ರಮ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು. ನಿಲ್ಲಲೇಬೇಕಿತ್ತು. ಕುಶಲಕರ್ಮಿಗಳು ಹಲಸಿನ ಹಳದಿ, ಬೇರೆ ಮರಗಳ ಬಿಳಿ, ಕೆಂಪು, ಕಂದು ಬಣ್ಣಗಳನ್ನು ಹುಡುಕಿ ಜೋಡಿಸಿದರು. ಮರಕ್ಕೆ ಮರವೇ ಜೊತೆಯಾದ ಈ ಕೆಲಸ ದಂತದ ಕೆಲಸಕ್ಕಿಂತ ಬಣ್ಣದಲ್ಲಿ ಸಿರಿವಂತ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. ಈ ಕುಸುರಿ ಗೋಡೆಗೆ ತೂಗುಹಾಕುವ ಚಿತ್ರಫಲಕಗಳಾಗಿ ಹೆಚ್ಚು ಮಾರಾಟವಾಗುತ್ತದೆ, ಕಪಾಟಿನ ಬಾಗಿಲಿಗೆ ಹೇಳಿ ಮಾಡಿಸುವವರು ಕಡಿಮೆ. ಅಂಥ ಸಣ್ಣ ಫಲಕವೊಂದನ್ನು ಶಟರಿನ ನಡುವೆ ಕೂರಿಸಿಕೊಳ್ಳುವುದು ಇಡೀ ಬಾಗಿಲು ಮಾಡಿಸುವುದಕ್ಕಿಂತ ಸುಲಭ.

ಸುಲಭಕ್ಕೆ ಕೈಗೆಟುಕುವುದು ಚನ್ನಪಟ್ಟಣದ ಹಿಡಿಕೆ. ಹಾಲೆ ಮರವನ್ನು ಚರಕಿಗೆ ಹಾಕಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡುತ್ತದೆ, ತಾಳೆಗರಿ ಉಜ್ಜಿದರೆ ಹೊಳಪು ಬರುತ್ತದೆ. ಆಟಿಕೆಗಳಿಗೆ ಹೆಸರಾದ ಇದೇ ಕೆಲಸದಿಂದ ಈಗ ಡ್ರಾಯರು, ಕಪಾಟುಗಳ ಗುಂಡುಹಿಡಿಕೆಗಳೂ ತಯಾರಾಗುತ್ತಿವೆ. ಹಳೆಯ ಹಿಡಿಕೆ ಬಿಚ್ಚಿ ಇದನ್ನು ಹಾಕಲು ಒಂದು ಸ್ಕ್ರೂಡ್ರೈವರ್ ಸಾಕು. ಬಾಗಿಲಿನ ದಪ್ಪಕ್ಕೆ ತಕ್ಕ ಉದ್ದದ ಸ್ಕ್ರೂ ಇದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಬೇಕು.